ಶಾಹೀನ್ ಕೊಡದಿದ್ದ ಸಿ.ಡಿ.

ಆ ಸಿ.ಡಿ.ಯನ್ನು ಶಾಹೀನ್ ನನಗೆ ಕೊಟ್ಟಿರಲಿಲ್ಲ. ನನ್ನ ತಂಗಿ ವನಜಾಳ ಬ್ಯಾಗಿನಿಂದ ನಾನೇ ತೆಗೆದುಕೊಂಡಿದ್ದೆ. ತೆಗೆದುಕೊಂಡೆ ಅನ್ನುವುದು ಮರ್ಯಾದೆಯ ಮಾತು — ಕದ್ದೆ. ಆಮೇಲೆ ಶಾಹೀನೇ ತಂದುಕೊಟ್ಟಳೆಂದು ತಂಗಿಗೆ ಹೇಳಿದೆ. ಅವಳು ನಂಬಿದಳು. ಹೇಳಿದವನು ನಾನು ಎಂಬ ಕಾರಣಕ್ಕೇ ನಂಬಿದಳು.

ಇಬ್ಬರ ಹೆಸರನ್ನೂ ಬದಲಿಸಿದ್ದೇನೆ. ಉಳಿದದ್ದನ್ನು ಬದಲಿಸುವುದಿಲ್ಲ.

ನಾನು ಲಿಂಗರಾಜಪುರದಲ್ಲಿ ಕೇಬಲ್ ಟೀವಿ ನಡೆಸುತ್ತಿದ್ದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕಂಬ ಹತ್ತಿದೆ, ತಾರಸಿಯಿಂದ ತಾರಸಿಗೆ ವೈರು ಎಳೆದೆ, ಕೊನೆಗೆ ನನ್ನದೇ ಕಂಟ್ರೋಲ್ ರೂಮ್ ಮಾಡಿಕೊಂಡೆ. ಅಪ್ಪ ಅಮ್ಮ ಹೋದ ಮೇಲೆ ವನಜಾಳನ್ನು ಸಾಕಿ ಓದಿಸಿದ್ದು ನಾನು. ಇದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅವಳಿಗೂ ಹೇಳುತ್ತಿದ್ದೆ — ಬೇಕಾದ್ದಕ್ಕಿಂತ ಹೆಚ್ಚು ಸಲ.

ಅವಳು ಇಂದಿರಾನಗರದ ಒಂದು ಕಾರ್ಟೂನ್ ಕಂಪನಿಯಲ್ಲಿ ಚಿತ್ರಗಳಿಗೆ ಬಣ್ಣ ತುಂಬುವ ಕೆಲಸಕ್ಕೆ ಸೇರಿದಳು. ಪಕ್ಕದ ಟೇಬಲ್ಲಿನ ಹುಡುಗಿ ಶಾಹೀನ್, ಫ್ರೇಜರ್ ಟೌನಿನವಳು. ಭಾನುವಾರ ನಮ್ಮ ಮನೆಗೆ ಬರುತ್ತಿದ್ದಳು. ಬರುವಾಗ ಸಿ.ಡಿ.ಗಳನ್ನು ತರುತ್ತಿದ್ದಳು, ಜಪಾನಿನ ಕಾರ್ಟೂನುಗಳು. ಒಂದೊಂದೂ ಐದಾರು ನಿಮಿಷ. ಇಬ್ಬರು ಹುಡುಗಿಯರು ಒಂದು ರೂಮಿನಲ್ಲಿ ಇರುತ್ತಾರೆ. ಒಬ್ಬಳು ಮೊಟ್ಟೆ ಸೀಯಿಸುತ್ತಾಳೆ, ಇನ್ನೊಬ್ಬಳು ಅದನ್ನೇ ತಿನ್ನುತ್ತಾಳೆ. ಒಂದೇ ಕೊಡೆಯಲ್ಲಿ ಬಸ್‌ಸ್ಟಾಪಿಗೆ ಹೋಗುತ್ತಾರೆ. ಮುಗಿಯಿತು.

"ಇದ್ರಲ್ಲಿ ಕಥೆ ಎಲ್ಲಮ್ಮ? ವಿಲನ್ನೇ ಇಲ್ವಲ್ಲ," ಎಂದೆ ಒಮ್ಮೆ.

"ಕಥೆ ಇಲ್ಲ ಅಣ್ಣಾ, ಅದೇ ಮಜಾ. ಇಬ್ರು ಇರ್ತಾರೆ ಅಷ್ಟೇ," ಎಂದಳು ಶಾಹೀನ್. "ವಿಲನ್ ಬೇಕು ಅಂದ್ರೆ ನೀವಿದೀರಲ್ಲ, ತಿಂಗ್ಳಿಗೊಂದ್ಸಲ ಕೇಬಲ್ ದುಡ್ಡಿಗೆ ಬಂದು ಬಾಗ್ಲು ಬಡಿಯೋಕೆ!"

ವನಜಾ ನಕ್ಕಳು. ನಾನೂ ನಕ್ಕೆ. ಆದರೆ ಐದು ನಿಮಿಷದ ಕಾರ್ಟೂನನ್ನು ಮತ್ತೆ ಮತ್ತೆ ನೋಡುವಂಥದ್ದು ಏನಿದೆ — ಇದು ನನ್ನ ತಲೆಯೊಳಗೆ ಹೊಕ್ಕಿತು. ಒಮ್ಮೆ ಹೊಕ್ಕರೆ ನನ್ನಂಥವನ ತಲೆಯಿಂದ ಹೊರಗೆ ಬರುವುದಿಲ್ಲ. ಎಲ್ಲರ ಮನೆಯ ತಾರಸಿ ಹತ್ತಿದವನು ನಾನು. ಯಾರ ಮನೆಯಲ್ಲಿ ಏನು ಬಚ್ಚಿಟ್ಟಿದ್ದಾರೆ ಎಂದು ನೋಡುವುದು ಕಣ್ಣಿಗೆ ಅಭ್ಯಾಸ. ಈಗ ಅದೇ ಕಣ್ಣನ್ನು ನನ್ನ ಮನೆಯ ಮೇಲೆ ಇಟ್ಟೆ.

ನಾನು ಒಳಗೆ ಬಂದರೆ ಅವರ ಮಾತು ನಿಲ್ಲುತ್ತಿತ್ತು. ಕಾರ್ಟೂನಿನಿಂದ ಕಲಿತ ಎರಡು ಮೂರು ಜಪಾನಿ ಪದಗಳನ್ನು ಆಡಿಕೊಂಡು ನಗುತ್ತಿದ್ದರು — ನನಗೆ ತಿಳಿಯಬಾರದೆಂದೇ ಎಂದು ನಾನು ತೀರ್ಮಾನಿಸಿದೆ. ಅವರಿಬ್ಬರೂ ತಾರಸಿಗೆ ಹೋದರೆ ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ನನ್ನ ಅನುಮಾನ ಹೋದದ್ದು ಬೇರೆ ಕಡೆಗೆ. ಶಾಹೀನ್‌ಗೆ ಒಬ್ಬ ಅಣ್ಣನಿದ್ದ, ಶಿವಾಜಿನಗರದಲ್ಲಿ ಸೂಟ್‌ಕೇಸ್ ಅಂಗಡಿ. ಈ ಹುಡುಗಿ ಅವನಿಗಾಗಿ ನನ್ನ ತಂಗಿಯ ಹತ್ತಿರ ಓಡಾಡುತ್ತಿದ್ದಾಳೆ, ಸಿ.ಡಿ.ಯಲ್ಲಿ ಏನೋ ಇದೆ, ಫೋಟೋ ಇರಬಹುದು... ಎರಡು ಸಲ ಆ ಅಂಗಡಿಯ ಎದುರು ಸ್ಕೂಟರ್ ನಿಲ್ಲಿಸಿ ಕಾದೆ. ಆತ ಹೆಂಡತಿ ಮಕ್ಕಳ ಜೊತೆ ಬಿರಿಯಾನಿ ತಿನ್ನುತ್ತಿದ್ದ. ಅದನ್ನು ಕಂಡ ಮೇಲೂ ನನ್ನ ಅನುಮಾನ ಕರಗಲಿಲ್ಲ. ಗಂಡಸೊಬ್ಬ ಇರಲೇಬೇಕು ಎಂದು ನಂಬಿದ್ದೆ. ನನಗೆ ಬೇರೆ ಯಾವುದೂ ಹೊಳೆಯುತ್ತಿರಲಿಲ್ಲ.

ಒಂದು ಭಾನುವಾರ ಶಾಹೀನ್ ಹೆಸರು ಬರೆಯದ ಒಂದು ಸಿ.ಡಿ. ತಂದಳು. ಅದನ್ನು ವನಜಾಳ ಕೈಗಿಟ್ಟು ನನ್ನ ಕಡೆ ತಿರುಗಿ, "ಅಣ್ಣಾ, ನಿಮ್ ಚಾನೆಲ್‌ನಲ್ಲಿ ಇದನ್ನ ಒಂದ್ಸಲ ಹಾಕ್ರಿ! ನಾವೂ ಸ್ಟಾರ್ ಆಗ್ಬಿಡೋಣ," ಎಂದಳು.

ವನಜಾಳ ಮುಖ ಬಿಳಿಚಿಕೊಂಡಿತು. "ಸುಮ್ನಿರೇ ಹುಚ್ಚಿ," ಎಂದು ಅದನ್ನು ಬ್ಯಾಗಿಗೆ ಸೇರಿಸಿದಳು.

ಆ ಬಿಳಿಚಿದ ಮುಖ ನನಗೆ ಸಾಕಾಯಿತು.

ಮರುದಿನ ವನಜಾಗೆ ಜ್ವರ, ಮಲಗಿದ್ದಳು. ಬ್ಯಾಗಿನಿಂದ ಸಿ.ಡಿ. ತೆಗೆದು ಕಂಟ್ರೋಲ್ ರೂಮಿಗೆ ಹೋದೆ. ಇಲ್ಲಿ ನಮ್ಮ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಆಗ ಪ್ರತಿಯೊಬ್ಬ ಕೇಬಲ್‌ನವನಿಗೂ ಒಂದು ಸ್ವಂತ ಚಾನೆಲ್ ಇರುತ್ತಿತ್ತು. ನಾವು ಪ್ಲೇಯರ್‌ಗೆ ಹಾಕಿದ ಸಿನಿಮಾ ನೇರವಾಗಿ ಏರಿಯಾದ ಎಲ್ಲ ಟೀವಿಗಳಿಗೂ ಹೋಗುತ್ತಿತ್ತು. ಹೊಸ ಸಿ.ಡಿ. ಬಂದರೆ ಮೊದಲು ಪ್ಲೇಯರ್‌ನಿಂದ ಲೈನಿಗೆ ಹೋಗುವ ವೈರು ಕಿತ್ತು, ಪಕ್ಕದ ಸಣ್ಣ ಟೀವಿಯಲ್ಲಿ ಮಾತ್ರ ನೋಡಿ, ಸರಿಯಿದ್ದರೆ ಮತ್ತೆ ವೈರು ಸಿಕ್ಕಿಸುತ್ತಿದ್ದೆವು. ನಿದ್ದೆಗಣ್ಣಿನಲ್ಲೂ ನನ್ನ ಕೈ ಅದನ್ನು ಮಾಡುತ್ತಿತ್ತು.

ಆ ದಿನ ಮಾಡಲಿಲ್ಲ.

ಮಧ್ಯಾಹ್ನ. ಊಟ ಮುಗಿಸಿ ಹೆಂಗಸರೆಲ್ಲ ಸಿನಿಮಾಕ್ಕೆ ಕಾದು ಕೂತಿರುವ ಹೊತ್ತು.

ಅದು ಜಪಾನಿನದಲ್ಲ. ಅವರಿಬ್ಬರೇ ಚಿತ್ರ ಬರೆದು ಮಾಡಿದ ಕಾರ್ಟೂನು. ಶಿವಾಜಿನಗರ ಎಂಬ ಬೋರ್ಡಿನ ಬಸ್ಸು, ನಮ್ಮ ಮನೆಯ ಮೆಟ್ಟಿಲು, ನಮ್ಮ ತಾರಸಿ. ಇಬ್ಬರು ಹುಡುಗಿಯರು ಅವರೆಕಾಯಿ ಸುಲಿಯುತ್ತಾ ಕೂತಿದ್ದಾರೆ. ಒಬ್ಬಳ ಜಡೆ, ಮೂಗು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ರೀತಿ — ವನಜಾ. ಇನ್ನೊಬ್ಬಳು ಕಾಳು ಎಸೆದು ಕೀಟಲೆ ಮಾಡುತ್ತಾಳೆ. ಪಕ್ಕದ ತಾರಸಿಯಲ್ಲಿ ಹೆಗಲಿಗೆ ವೈರಿನ ಸುರುಳಿ ಹಾಕಿಕೊಂಡ ಒಬ್ಬ ದಪ್ಪ ಮೀಸೆಯವನು ಬರುತ್ತಾನೆ. ವನಜಾ ಅವನಿಗೆ ಗೋಡೆಯ ಮೇಲಿಂದ ಕಾಫಿ ಕೊಡುತ್ತಾಳೆ. ಅವನು ಕುಡಿದು, ಇಬ್ಬರ ತಲೆಯನ್ನೂ ಸವರಿ ಹೋಗುತ್ತಾನೆ. ಆಮೇಲೆ ಒಬ್ಬಳು ಇನ್ನೊಬ್ಬಳ ಕೂದಲಿನಿಂದ ಅವರೆ ಸಿಪ್ಪೆ ತೆಗೆದು, ಮೆಲ್ಲಗೆ ತುಟಿಗೆ ತುಟಿ ತಾಗಿಸುತ್ತಾಳೆ.

ಅಷ್ಟೇ.

ನಾನು ಕಾಫಿ ಕುಡಿದು ತಲೆ ಸವರಿ ಹೋಗುವವನು ಎಂದು ಆ ಹುಡುಗಿಯರು ಎಣಿಸಿದ್ದರು. ಅಥವಾ, ಹಾಗಿರಲಿ ಎಂದು ಆಸೆಪಟ್ಟಿದ್ದರು...

ಫೋನು ಹೊಡೆದುಕೊಂಡಿತು. ನಮ್ಮ ಬೀದಿಯಲ್ಲಿ ಹೂ ಮಾರುವ ಸರೋಜಮ್ಮ. "ಏನಪ್ಪಾ, ಇದ್ಯಾವ ಪಿಕ್ಚರು ಹಾಕ್ಬಿಟ್ಟೆ? ಆ ಹುಡ್ಗಿ ನಿಮ್ ವನಜಾ ತರಾನೇ ಇದಾಳಲ್ಲ! ಥೂ, ಮಕ್ಳುಮರಿ ನೋಡೋ ಟೈಮು!"

ಆಗ ವೈರಿನ ಕಡೆ ನೋಡಿದೆ. ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ ಇತ್ತು.

ಸಿ.ಡಿ.ಯನ್ನು ಸದ್ದಿಲ್ಲದೆ ವನಜಾಳ ಬ್ಯಾಗಿಗೇ ವಾಪಸ್ ಸೇರಿಸಿದೆ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ವನಜಾ ಜ್ವರದಲ್ಲೇ ಎದ್ದು ಬಂದು ಬಾಗಿಲಲ್ಲಿ ನಿಂತು ಕೇಳಿದಳು, "ಅಣ್ಣ, ಅದು ನಿನ್ಹತ್ರ ಹೆಂಗ್ ಬಂತು?"

ನಿಜ ಹೇಳಲು ನನಗೆ ಅರೆಕ್ಷಣ ಸಿಕ್ಕಿತ್ತು. ನಿನ್ನ ಬ್ಯಾಗಿಗೆ ಕೈಹಾಕಿದೆ ಎಂದು ಹೇಳಬೇಕಿತ್ತು — ತಂಗಿಯ ಬ್ಯಾಗು ಹುಡುಕಿದ ಅಣ್ಣ. ನನ್ನ ಕೆಲಸದಲ್ಲಿ ತಪ್ಪು ಮಾಡಿದೆ ಎಂದು ಹೇಳಬೇಕಿತ್ತು. ಎರಡೂ ನನ್ನ ಬಾಯಿಗೆ ಬರಲಿಲ್ಲ.

"ಶಾಹೀನ್ ಇನ್ನೊಂದು ಕಾಪಿ ತಂದ್ಕೊಟ್ಳು. ಹಾಕಿ ಅಂದ್ಳು, ಹಾಕ್ದೆ. ನಂಗೇನ್ ಗೊತ್ತು ಒಳಗಡೆ ಏನಿದೆ ಅಂತ?"

ಹಿಂದಿನ ದಿನ ಆ ಹುಡುಗಿ ತಮಾಷೆಗೆ ಆಡಿದ ಮಾತು ನನ್ನ ಸುಳ್ಳಿಗೆ ಸಾಕ್ಷಿಯಾಯಿತು. ವನಜಾ ನನ್ನೆದುರೇ ಶಾಹೀನ್‌ಗೆ ಫೋನ್ ಮಾಡಿದಳು. ಆ ಕಡೆಯಿಂದ ಅಳು ಕೇಳುತ್ತಿತ್ತು, ಆಣೆ ಕೇಳುತ್ತಿತ್ತು. ವನಜಾ ಒಂದೇ ಮಾತು ಹೇಳಿದಳು: "ನಮ್ಮಣ್ಣ ಸುಳ್ಳು ಹೇಳಲ್ಲ." ಫೋನ್ ಇಟ್ಟಳು.

ನಾನು ಅಲ್ಲೇ ಇದ್ದೆ. ಕುರ್ಚಿಯಲ್ಲಿ ಕೂತಿದ್ದೆ. ಎದ್ದು ಆ ಫೋನನ್ನು ಕಿತ್ತುಕೊಂಡು ಒಂದು ಮಾತು...

ವನಜಾ ಕೆಲಸ ಬಿಟ್ಟಳು. ಸ್ವಲ್ಪ ಕಾಲವಾದ ಮೇಲೆ ಬೈಯಪ್ಪನಹಳ್ಳಿಯಲ್ಲಿ ಒಂದು ರೂಮು ಹಿಡಿದು, ಬೇರೆ ಆಫೀಸಿಗೆ ಸೇರಿದಳು. ಮದುವೆಯ ಮಾತು ತೆಗೆದರೆ ಎದ್ದು ಹೋಗುತ್ತಿದ್ದಳು. ಆದರೆ ಹಬ್ಬಕ್ಕೆ ಬರುತ್ತಿದ್ದಳು, ನನಗೆ ಅಂಗಿ ತರುತ್ತಿದ್ದಳು, ಬಡಿಸುವಾಗ ನನ್ನ ಎಲೆಗೆ ಮೊದಲು ಬಡಿಸುತ್ತಿದ್ದಳು. ಲೋಕದಲ್ಲಿ ಒಬ್ಬನಾದರೂ ತನಗೆ ಮೋಸ ಮಾಡಲಿಲ್ಲ ಎನ್ನುವಂತೆ. ಆ ಅನ್ನವನ್ನು ನಾನು ಇಷ್ಟು ವರ್ಷ ಉಂಡೆ.

ಇನ್ನೊಂದು ಇದೆ. ಇದು ಎಲ್ಲಕ್ಕಿಂತ ಕಷ್ಟ. ವೈರು ಕೀಳುವುದನ್ನು ಮರೆತೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ, ಮನಸ್ಸು ಎಲ್ಲೋ ಇತ್ತು ಎಂದು. ಈಗ ನನ್ನ ಕೈಯ ಮೇಲೆ ನನಗೇ ಅನುಮಾನ. ಅದಕ್ಕೂ ಮುಂಚೆ ಒಮ್ಮೆಯೂ ಮರೆಯದ ಕೈ ಅದು, ಆಮೇಲೂ ಮರೆಯಲಿಲ್ಲ. ಹಾಗಾದರೆ ಆ ದಿನ — ಸಿ.ಡಿ.ಯಲ್ಲಿ ಏನಿದ್ದರೂ ಬಯಲಾಗಲಿ, ಆ ಗಂಡಸು ಯಾರಿದ್ದರೂ ಊರೆದುರು ಸಿಕ್ಕಿಬೀಳಲಿ ಎಂದು ಒಳಗೆಲ್ಲೋ... ಗೊತ್ತಿಲ್ಲ. ಎಷ್ಟು ಕೆದಕಿದರೂ ಗೊತ್ತಾಗುವುದಿಲ್ಲ. ಇಲ್ಲ ಎಂದು ಆಣೆ ಮಾಡಲಾರೆ.

ಕಳೆದ ತಿಂಗಳು ಬೈಯಪ್ಪನಹಳ್ಳಿಗೆ ಹೋಗಿ ವನಜಾಗೆ ಎಲ್ಲವನ್ನೂ ಹೇಳಿದೆ. ಒಗೆದ ಬಟ್ಟೆ ಮಡಿಸುತ್ತಿದ್ದಳು. ನಾನು ಮುಗಿಸುವ ತನಕ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಅವ್ಳಿಗೆ ಹೇಳಿದ್ಯಾ?"

"ಇಲ್ಲ."

"ಹೋಗಿ ಹೇಳು. ನಾನು ಕರೆಯೋ ತನಕ ಇಲ್ಲಿಗೆ ಬರ್ಬೇಡ."

ಶಾಹೀನ್ ರಿಚರ್ಡ್ಸ್ ಟೌನಿನಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಲಿಸುತ್ತಾಳೆ. ವಿಚಾರಿಸಿ ಹೋದೆ. ಗೇಟಿನ ಆಚೆ ನಿಂತು ಕೇಳಿಸಿಕೊಂಡಳು. ಒಳಗೆ ಕರೆಯಲಿಲ್ಲ; ನಾನೂ ನಿರೀಕ್ಷಿಸಿರಲಿಲ್ಲ.

"ನಿಮ್ಮ ಮೇಲೆ ನಂಗೆ ಅವತ್ತೇ ಡೌಟ್ ಇತ್ತು ಅಣ್ಣಾ," ಎಂದಳು. "ಸಿಟ್ಟು ಮಾತ್ರ ಅವ್ಳ ಮೇಲೆ ಮಾಡ್ಕೊಂಡೆ. ನನ್ ಮಾತು ನಂಬ್ಲಿಲ್ವಲ್ಲ ಅಂತ. ಇಷ್ಟ್ ವರ್ಷಾನೂ ಅವ್ಳ ಮೇಲೇ."

ವನಜಾಳ ನಂಬರು ಬರೆದ ಚೀಟಿ ಚಾಚಿದೆ. ತೆಗೆದುಕೊಂಡಳು. "ಹೋಗ್ರಿ ಇನ್ನ," ಎಂದಳು.

ಮೊನ್ನೆ ಭಾನುವಾರ ತಡೆಯಲಾರದೆ ವನಜಾಗೆ ಫೋನ್ ಮಾಡಿದೆ. ಬಿಜಿ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದೆ, ಆಗಲೂ ಬಿಜಿ. ಯಾರ ಜೊತೆ ಇಷ್ಟು ಹೊತ್ತು ಎಂದು ಹಳೆಯ ಚಾಳಿ ತಲೆಯೆತ್ತಿತು. ಹೇಗೆ ತಿಳಿದುಕೊಳ್ಳುವುದು ಎಂದೂ ಮನಸ್ಸು ಲೆಕ್ಕ ಹಾಕತೊಡಗಿತು.

ಫೋನನ್ನು ಕೆಳಗಿಟ್ಟೆ. ಅದು ನನಗೆ ತಿಳಿಯಬೇಕಾದ್ದಲ್ಲ.