ಮುತ್ತವ್ವನ ಕಿಟಕಿಗೆ ಹೋಗುತ್ತಿದ್ದ ಹೊಗೆ

ಜಮಖಂಡಿಯಲ್ಲಿ ಷಡ್ಡಕನ ಮಗಳ ನಿಶ್ಚಯವಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಸ್ಸಿಗೆ ಹೊರಟವನು, ನಮ್ಮ ಎದುರುಮನೆಯ ಪ್ರಭುಲಿಂಗನ ಬಾಗಿಲಲ್ಲಿ ಹೊಗೆ ಕಂಡು ಒಳಗೆ ಹೋದೆ. ಹೋಗಬಾರದಿತ್ತು. ಅವನ ಒಲೆಯ ಹೊಗೆ ಚಿಮಣಿಯಲ್ಲಿ ಏರದೆ ಮನೆಯಲ್ಲೇ ಸುತ್ತುತ್ತಿತ್ತು. “ಮಸಿ ಕಟ್ಟೈತಿ” ಎಂದು ತಜ್ಞನ ಹಾಗೆ ಘೋಷಿಸಿ, ಬೆಂಕಿ ಆರಿಸಲು ಹೇಳಿ, ಕೊಳವೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕೋಲಿನಿಂದ ಮೇಲಕ್ಕೆ ತಿವಿದೆ. ಎಷ್ಟೋ ವರ್ಷಗಳ ಮಸಿ ಒಮ್ಮೆಲೇ ನನ್ನ ತಲೆ ಮೇಲೆ ಇಳಿಯಿತು.

“ಕೆಮ್ಮಬ್ಯಾಡ್ರಿ ಮಾಸ್ತರ್ರ,” ಎಂದ ಪ್ರಭುಲಿಂಗ. “ಮ್ಯಾಲ ಇನ್ನೂ ಅಷ್ಟ ಐತಿ.”

ತೊಳೆದಷ್ಟು ತೊಳೆದುಕೊಂಡು ನಿಶ್ಚಯಕ್ಕೆ ಹೋದರೆ, ಗಂಡಿನ ಕಡೆಯವರೊಬ್ಬರು ನನ್ನ ಅಂಗಿಯ ಮಸಿ ನೋಡಿ, ಅಡುಗೆಯವನೆಂದುಕೊಂಡು ಪಕ್ಕಕ್ಕೆ ಕರೆದು, ಊಟಕ್ಕೆ ಎಲೆ ಯಾವಾಗ ಹಾಕುತ್ತೀರಿ ಎಂದು ಕೇಳಿದರು.

ಪ್ರಭುಲಿಂಗ ಐವತ್ತು ದಾಟಿದ ಒಂಟಿ ಮನುಷ್ಯ. ಬನಹಟ್ಟಿಯ ನಮ್ಮ ಓಣಿಯಲ್ಲಿ ಕೈಮಗ್ಗ ಬಿಡದೆ ಉಳಿದವನು ಅವನೊಬ್ಬನೇ. ಯಾಕೆ ಮದುವೆಯಾಗಲಿಲ್ಲ ಎಂದು ಕೇಳುವವರೂ ಈಗ ಸುಮ್ಮನಾಗಿದ್ದಾರೆ. ಸುತ್ತಲೂ ವಿದ್ಯುತ್ ಮಗ್ಗಗಳ ಖಟಖಟ. ಇಲ್ಲಿ ಒದರಿದರೆ ಮಾತು, ಇಲ್ಲದಿದ್ದರೆ ಮೌನ. ಅವನದೋ ಮೊದಲೇ ಮೆಲುದನಿ. ಬೆಳಗಿನಿಂದ ಸಂಜೆವರೆಗೆ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತಿರುತ್ತಿದ್ದ. ಅವನಿಗೊಂದು ಹೆಸರಿದೆ ಎಂದು ಓಣಿಗೆ ನೆನಪಾಗುತ್ತಿದ್ದದ್ದು ದಿನಕ್ಕೊಮ್ಮೆ, ಮುತ್ತವ್ವ ಒದರಿದಾಗ.

ಮುತ್ತವ್ವ ಅವನ ಪಕ್ಕದ ಮನೆಯ ಹಿರಿಯಳು. ಆಕೆಯ ಮಗ ಮನೆಯ ಮೇಲೆ ಮಾಳಿಗೆ ಎಬ್ಬಿಸಿ ಅಡುಗೆಮನೆಯನ್ನು ಅಲ್ಲಿಗೇರಿಸಿದ್ದ. ಅದರ ಕಿಟಕಿಯ ಕೆಳಗೇ ಪ್ರಭುಲಿಂಗನ ಚಿಮಣಿಯ ಬಾಯಿ. ಗೋಣಿತಾಟು ಸುತ್ತಿದ ಇಟ್ಟಂಗಿಯನ್ನು ಹಗ್ಗಕ್ಕೆ ಕಟ್ಟಿ ಮೇಲಿಂದ ಇಳಿಬಿಟ್ಟು ನಾವು ಕೊಳವೆ ಸ್ವಚ್ಛ ಮಾಡಿದ ಮರುದಿನವೇ ಹೊಗೆ ತನ್ನ ಹಳೆಯ ದಾರಿ ಹಿಡಿಯಿತು. ಹಿಂದೆಯೇ ಮುತ್ತವ್ವನೂ ಇಳಿದು ಬಂದಳು.

“ಏ ಪ್ರಭ್ಯಾ! ನಾವು ಮಂದಿ ಅದೀವೋ, ಬಿಲದಾಗಿನ ಇಲಿ ಅದೀವೋ? ಹೊಗಿ ಹಾಕಿ ಹೊರಗ ಎಬ್ಬಸಾಕತ್ತೀಯಲ್ಲ!”

“ಹೂಂ ಬೇ ಯವ್ವಾ.”

“ಏನ್ ಹೂಂ? ಮೊನ್ನೀನೂ ಹೂಂ ಅಂದಿ.”

ಹೇಗೂ ಬಂದಾಯಿತೆಂದು ರೊಟ್ಟಿಯ ಬುಟ್ಟಿಗೂ ಕೈ ಹಾಕಿದಳು. “ಇದೇನೋ, ರೊಟ್ಟಿಯೋ ನಕಾಶೆಯೋ? ಅಂಚೆಲ್ಲಾ ಹರದಾವು. ಹಿಟ್ಟಿಗೆ ಕುದಿಯೂ ನೀರು ಹಾಕೀಯೇನು?”

“ಹಾಕೇನಿ.”

“ಸುಳ್ಳ ಹೇಳಬ್ಯಾಡ.”

ಆಮೇಲೆ ಹೊಸ್ತಿಲ ಮೇಲೆ ಕೂತು, ಸೊಸೆಯನ್ನು ಬೈದು, ಮೊಣಕಾಲನ್ನು ಬೈದು, ಹೊತ್ತಾಯಿತೆಂದು ಮತ್ತೆ ಅವನನ್ನೇ ಬೈದು ಎದ್ದು ಹೋದಳು. ದಿನವೂ ಇದೇ. ಪಾಪ, ಎಷ್ಟು ಬೈಸಿಕೊಳ್ಳುತ್ತಾನೆ ಎಂದು ನನಗೆ ಮರುಕ ಹುಟ್ಟಿತು. ನನಗೆ ಮರುಕ ಹುಟ್ಟಿದಾಗಲೆಲ್ಲ ಯಾರಿಗಾದರೂ ತೊಂದರೆಯಾಗುತ್ತದೆ ಎನ್ನುತ್ತಾಳೆ ನನ್ನ ಹೆಂಡತಿ.

ಸಾಲೆಯಲ್ಲಿ ನಾನು ಕಲಿಸುವುದು ಇತಿಹಾಸ. ಹೊಗೆಯ ವಿಷಯಕ್ಕೆ ಮೊಬೈಲಿನ ವಿಡಿಯೋಗಳೇ ಗುರು. ಪಕ್ಕದ ಗೋಡೆಗಿಂತ ಚಿಮಣಿಯ ಬಾಯಿ ಎತ್ತರ ಇರಬೇಕಂತೆ. ರಬಕವಿಯಿಂದ ಪೈಪು ತಂದೆ.

“ಇದ್ದದ್ದು ನಡೀತೈತ್ರಿ ಮಾಸ್ತರ್ರ,” ಎಂದ ಪ್ರಭುಲಿಂಗ.

ಸಂಕೋಚವೆಂದು ತಿಳಿದೆ. ಪೈಪು ಏರಿಸಿ, ತಂತಿ ಬಿಗಿದು, ತುದಿಗೊಂದು ತಗಡಿನ ಟೊಪ್ಪಿಗೆಯನ್ನೂ ಇಟ್ಟೆ.

ಮರುದಿನ ಹೊಗೆ ಮಾಳಿಗೆಯನ್ನು ದಾಟಿ ಪಕ್ಕದೂರು ಚಿಮ್ಮಡದ ದಿಕ್ಕಿಗೆ ತೇಲಿಹೋಯಿತು. ಯಾರೂ ಒದರಲಿಲ್ಲ. ನಾನು ಮೀಸೆ ತಿರುವಿದೆ. ಅದರ ಮರುದಿನವೂ ಒದರಲಿಲ್ಲ. ಮುತ್ತವ್ವ ಮೇಲಿನ ಕಿಟಕಿಯಲ್ಲಿ ಭಾಂಡೆ ತಿಕ್ಕುತ್ತಿದ್ದಳು. ಹೊಗೆ ಬರಲಿಲ್ಲ ಎಂದು ಹೇಳುವುದಕ್ಕೆ ನೋಯುವ ಮೊಣಕಾಲಲ್ಲಿ ಮೆಟ್ಟಿಲಿಳಿದು ಯಾರು ಬರುತ್ತಾರೆ?

ಪ್ರಭುಲಿಂಗ ಹಸಿ ಕಟ್ಟಿಗೆ ಹಾಕಿದ. ಕಬ್ಬಿನ ಸೋಗೆ, ರವದಿ ತುರುಕಿದ. ಹೊಗೆ ದಟ್ಟವಾಗಿ, ಇನ್ನೂ ಎತ್ತರಕ್ಕೆ ಹೋಯಿತು; ನನ್ನ ಕೆಲಸ ಅಷ್ಟು ಪಕ್ಕಾ ಆಗಿತ್ತು. ಅವನು ಬಾಗಿಲಿಗೆ ಬಂದು ಮೇಲೆ ನೋಡುವುದು, ಒಳಗೆ ಹೋಗುವುದು. ಒಂದು ದಿನ ನಾನೇ ಹೋಗಿ ಬುಟ್ಟಿ ನೋಡಿದೆ. ರೊಟ್ಟಿಗಳು ಚಂದಪ್ಪನ ಹಾಗೆ ದುಂಡಗೆ, ಒಂದರ ಅಂಚೂ ಹರಿದಿರಲಿಲ್ಲ.

“ಭಾರಿ ಬಂದಾವಲ್ಲೋ!” ಎಂದೆ.

“ಹೂಂರಿ,” ಎಂದು ಬಟ್ಟೆ ಮುಚ್ಚಿದ. ರೊಟ್ಟಿಯ ಬಗ್ಗೆ ನನಗೇನು ಗೊತ್ತೆಂಬುದು ಅವನಿಗೂ ಗೊತ್ತಿತ್ತು.

ಆಮೇಲೊಂದು ಬೆಳಿಗ್ಗೆ ಮಗ್ಗಗಳ ಸದ್ದನ್ನೂ ಮೀರಿ ಕೇಳಿಸಿತು: “ಏ ಪ್ರಭ್ಯಾ! ಕಣ್ಣ ಕಳೀತೀಯೇನೋ ನಂದು?”

ಓಡಿದೆ. ನನ್ನ ಪೈಪು ಅಂಗಳದಲ್ಲಿ ಮಲಗಿತ್ತು. ಮುತ್ತವ್ವ ಹೊಸ್ತಿಲ ಮೇಲೆ ಕಾಲು ಚಾಚಿ, ರೊಟ್ಟಿಯೊಂದನ್ನು ಬೆಳಕಿಗೆ ಹಿಡಿದು ಕುಂದು ಹುಡುಕುತ್ತಿದ್ದಳು. ಸಿಗದಿದ್ದಕ್ಕೆ, “ಉಪ್ಪ ಕಡಿಮಿ” ಎಂದಳು. ಸೊಸೆಯ ಸುದ್ದಿ, ಕಾಲಿನ ಸುದ್ದಿ ಎಲ್ಲಾ ಬಾಕಿ ಉಳಿದಿದ್ದವು. ಮುಗಿಸಿ ಏಳಲು ಬಹಳ ಹೊತ್ತಾಯಿತು.

ಅವಳು ಹೋದ ಮೇಲೆ, ಅವಮಾನಗೊಂಡ ಇಂಜಿನಿಯರನ ದನಿಯಲ್ಲಿ ಕೇಳಿದೆ: “ಪೈಪ್ ಯಾಕ ತಗದೀಪಾ? ಹೊಗಿ ಸರಿಯಾಗಿ ಹೋಗತಿರಲಿಲ್ಲೇನು?”

ಅವನು ಒಲೆಗೆ ಇನ್ನೊಂದು ಹಸಿ ಕಟ್ಟಿಗೆ ದೂಡಿದ.

“ಹೋಗತಿತ್ತರಿ. ಎಲ್ಲಿಗೆ ಹೋಗತಿತ್ತೋ, ಯಾರೂ ಬಂದು ಹೇಳಲಿಲ್ಲ.”