ಮಲ್ಲು ಬಟ್ಟೆಯ ಮುಡಿಪು

ನನ್ನ ಹೆಂಡತಿಯ ವರ್ಷದ ತಿಥಿಗೆ ಇನ್ನು ಕೆಲವು ವಾರಗಳಿದ್ದಾಗ, ಕೋಲಾರದ ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ಮುಡಿಪು ಸಿಕ್ಕಿತು. ಸಿಕ್ಕಿದ್ದು ನನಗಲ್ಲ, ಅವಳ ತಂಗಿಗೆ. ತಿಥಿಗೆ ಮುಂಚೆ ಮನೆಯನ್ನು ಒಮ್ಮೆ ತೊಳೆದು ಒರೆಸಿಕೊಡಲು ನನ್ನ ಈ ನಾದಿನಿ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನಿಂದ ಬಂದಿದ್ದಳು. ಗೂಡಿನಲ್ಲಿದ್ದ ಪಟಗಳನ್ನೆಲ್ಲ ಕೆಳಗಿಳಿಸಿ, ಹಿಂದೆ ಕೈಯಾಡಿಸಿ, ಒಂದು ಹಳದಿ ಗಂಟನ್ನು ಹೊರತೆಗೆದಳು.

"ಬಾವ, ಇಲ್ಲಿ ಬನ್ನಿ. ಇದು ಯಾವ ದೇವ್ರದು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ಒಂದೇ ಮನೇಲಿದ್ರಲ್ಲ ಇಬ್ರೂ?"

"ನನಗೆ ಹೇಳಿರಲಿಲ್ಲ."

"ಹೇಳಲ್ಲ ಬಾವ. ಕಟ್ಟಿದೋರು ಹೇಳಬಾರ್ದು. ಮನೇಲಿರೋರು ನೋಡಿರ್ಬೇಕು. ಊರೂರಿನ ಕಲ್ಲಿಗೆಲ್ಲ ಇಸವಿ ಹೇಳ್ತೀರ, ಹೆಂಡ್ತಿ ಕಟ್ಟಿದ ಗಂಟಿಗೆ ಹೇಳಕ್ಕಾಗಲ್ವಾ?"

ಅವಳು ಕೋಪದಿಂದ ಹೇಳಿದಳೋ ತಮಾಷೆಗೆ ಹೇಳಿದಳೋ ನಾನು ಗಮನಿಸಲಿಲ್ಲ. ಆ ವರ್ಷವೆಲ್ಲ ಜನರ ಮಾತಿನ ಅರ್ಥ ನನಗೆ ತಲುಪುತ್ತಿತ್ತು, ದನಿ ತಲುಪುತ್ತಿರಲಿಲ್ಲ.

ಮುಡಿಪೆಂದರೆ ಹರಕೆಯ ಗಂಟು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದಾಗ, ಏನಾದರೂ ಕೈಗೂಡಬೇಕಾದಾಗ, ಒಂದು ನಾಣ್ಯವನ್ನೂ ಒಂದು ಚಿಟಿಕೆ ಅಕ್ಕಿಯನ್ನೂ ಅರಿಶಿನದಲ್ಲಿ ಅದ್ದಿದ ಬಟ್ಟೆಯ ತುಂಡಿನಲ್ಲಿ ಕಟ್ಟಿ ದೇವರ ಗೂಡಿನಲ್ಲಿಡುತ್ತಾರೆ. ಬೇಡಿದ್ದು ನೆರವೇರಿದ ಮೇಲೆ, ಯಾವ ದೇವರಿಗೆ ಕಟ್ಟಿದರೋ ಆ ಸನ್ನಿಧಿಗೆ ಕೊಂಡೊಯ್ದು ಒಪ್ಪಿಸುತ್ತಾರೆ. ಕಟ್ಟಿದವರು ಅದುವರೆಗೆ ದೇವರ ಹೆಸರನ್ನಾಗಲಿ ಬೇಡಿಕೆಯನ್ನಾಗಲಿ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಹೆಂಡತಿಯ ತವರಿನಲ್ಲಿ ಇದು ಕಟ್ಟುನಿಟ್ಟು.

"ಇದು ಮನೇಲಿದ್ರೆ ಅಕ್ಕ ಹೊಸ್ತಿಲು ದಾಟಲ್ಲ. ತಿಥಿ ದಿನ ಎಡೆ ಇಟ್ರೂ ಮುಟ್ಟಲ್ಲ. ಅಷ್ಟರೊಳ್ಗೆ ಸೇರಬೇಕಾದ ಕಡೆ ಸೇರಿಸ್ಬಿಡಿ, ಬಾವ" ಎಂದಳು ನಾದಿನಿ.

ಬಿಚ್ಚಿ ನೋಡೋಣವೇ ಎಂದು ಕೇಳಿದೆ. ಕೈ ಹಿಂದಕ್ಕೆಳೆದುಕೊಂಡಳು. ಗಂಟು ಬಿಚ್ಚುವ ಹಕ್ಕು ದೇವರಿಗೋ ಕಟ್ಟಿದವರಿಗೋ ಮಾತ್ರ ಎಂದಳು. ಹುಡುಕುತ್ತೇನೆ ಎಂದೆ. ನಾನು ಶಾಸನ ಓದುವವನು; ಹುಡುಕುವುದು ನನಗೆ ಬರುವ ಕೆಲಸ. ದೇವರಿದ್ದಾನೆಂದೂ ಇಲ್ಲವೆಂದೂ ನಾನು ಎಲ್ಲಿಯೂ ಬರೆದಿಲ್ಲ. ಗುಡಿ, ದರ್ಗಾ, ಇಗರ್ಜಿಗಳ ಕಾಲವನ್ನಷ್ಟೇ ಬರೆದಿದ್ದೇನೆ.

ತೊಡಕಿದ್ದದ್ದು ಇಲ್ಲಿ. ಅವಳ ದೇವರು ಇಂಥದೊಂದೇ ಎಂದು ಹೇಳುವಂತಿರಲಿಲ್ಲ. ನಾನು ಕ್ಷೇತ್ರಕಾರ್ಯಕ್ಕೆ ಹೋದಲ್ಲೆಲ್ಲ ಅವಳೂ ಬರುತ್ತಿದ್ದಳು. ನಾನು ಗೋಡೆಯ ಬರಹವನ್ನು ಓದಿ, ಪ್ರತಿ ತೆಗೆದು, ಹಳೆಯ ಓದುಗಳೊಡನೆ ಹೋಲಿಸುವಷ್ಟು ಹೊತ್ತು ಅವಳು ಒಳಗೆ ಕೂತಿರುತ್ತಿದ್ದಳು. ಕೋಲಾರದ ಅಮ್ಮನ ಗುಡಿಯಲ್ಲಿ ಕೂತಂತೆಯೇ ಮುಳಬಾಗಿಲಿನ ದರ್ಗಾದಲ್ಲಿ, ಮಾಲೂರಿನ ಇಗರ್ಜಿಯಲ್ಲಿ ಕೂತಿರುತ್ತಿದ್ದಳು. ಒಮ್ಮೆ, ದಾರಿಯಲ್ಲಿ, ಇಷ್ಟು ಬೇರೆಬೇರೆ ಕಡೆ ಹೇಗೆ ಕೈಮುಗಿಯುತ್ತೀಯೆ ಎಂದು ಕೇಳಿದ್ದೆ. "ನೀವು ಅದು ಯಾವಾಗ ಕಟ್ಟಿದ್ದು ಅಂತ ಕೇಳ್ತೀರ. ನಾನು ಈಗ ಒಳಗೆ ಯಾರಾದ್ರೂ ಇದ್ದಾರಾ ಅಂತ ಕೇಳ್ತೀನಿ, ಅಷ್ಟೆ" ಎಂದಿದ್ದಳು. ಈ ಮಾತು ಆಡಿದ್ದು ಮುಳಬಾಗಿಲಿನಿಂದ ಬರುವಾಗಲೋ ಆವನಿಯಿಂದ ಬರುವಾಗಲೋ ಎಂಬುದನ್ನು ಖಚಿತಪಡಿಸಿಕೊಳ್ಳಲು ಯತ್ನಿಸಿದೆ, ಆಗಲಿಲ್ಲ.

ಮೊದಲು ಕೋಲಾರದ ಅಮ್ಮನ ಗುಡಿಗೆ ಹೋದೆ. ಅಲ್ಲಿ ನೆಲದಲ್ಲೇ ಒಂದು ಹುಂಡಿಯಿದೆ. ನೆಲಕ್ಕಿಳಿದ ಕಲ್ಲಿನ ಗುಳಿ. ಚೇಳು ಕಡಿಯದಿರಲೆಂದು ಬೇಡಿದವರೂ ಬೇರೆ ಏನನ್ನೋ ಬೇಡಿದವರೂ ತಲೆತಲಾಂತರದಿಂದ ಅದರೊಳಕ್ಕೆ ಕಾಣಿಕೆ ಹಾಕುತ್ತ ಬಂದಿದ್ದಾರೆ. ಆ ಗುಡಿಯ ಕಾಲನಿರ್ಣಯದ ಬಗ್ಗೆ ಒಂದು ಗೋಷ್ಠಿಯಲ್ಲಿ ನಾನು ಬಹಳ ಹೊತ್ತು ವಾದಿಸಿದ್ದುಂಟು. ಆ ದಿನ ಗುಳಿಯ ಮುಂದೆ ನಿಂತಾಗ ಯಾವ ವಾದವೂ ನೆನಪಾಗಲಿಲ್ಲ. ಗುಡಿಯಲ್ಲಿ ಅವಳ ಮುಖ ಗುರುತಿದ್ದವರಿದ್ದರು. ಹರಕೆಯ ವಿಷಯ ತಿಳಿದವರಿರಲಿಲ್ಲ. ಮುಡಿಪು ಅಂಗಿಯ ಜೇಬಿನಲ್ಲಿತ್ತು. ಹಾಕಿಬಿಟ್ಟಿದ್ದರೆ ಅಂದೇ ಮುಗಿಯುತ್ತಿತ್ತು. ಆಧಾರವಿಲ್ಲದೆ ಹಾಕಲಾಗಲಿಲ್ಲ.

ಹೆಂಡತಿಯ ತವರಾದ ರಾಯಲ್ಪಾಡಿನ ಗ್ರಾಮದೇವತೆಯ ಪೂಜಾರಿಯನ್ನು ನಾದಿನಿಯೇ ವಿಚಾರಿಸಿ ಫೋನ್ ಮಾಡಿದಳು. ಅಕ್ಕ ಅಲ್ಲಿಗೆ ಕಟ್ಟಿದ್ದ ಮುಡಿಪುಗಳನ್ನೆಲ್ಲ ಅವಳೇ ಬಂದು ಒಪ್ಪಿಸಿದ್ದಳಂತೆ.

ಆಮೇಲೆ ಬಸ್ಸಿನಲ್ಲಿ ಮುಳಬಾಗಿಲಿಗೆ ಹೋದೆ. ದರ್ಗಾದ ಬಾಗಿಲ ಬಳಿ ಹೂವು, ಸಕ್ಕರೆ, ಊದಿನಕಡ್ಡಿ ಮಾರುವ ಹೆಂಗಸು ನನ್ನನ್ನು ನೋಡಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಅರೆ, ಸಾರ್! ಅಮ್ಮಾ ಎಲ್ಲಿ? ಯಾಕೆ ಬಿಟ್ಬಿಟ್ಟು ಬಂದ್ರಿ?"

ಹೇಳಿದೆ. ಎಷ್ಟೋ ಜನರಿಗೆ ಹೇಳಿ ಆ ವಾಕ್ಯ ಆಗಲೇ ಸವೆದಿತ್ತು. ಅವಳು ಕೈಯಲ್ಲಿದ್ದ ಹೂವಿನ ಎಸಳುಗಳನ್ನು ಬುಟ್ಟಿಗೆ ಬಿಟ್ಟು, ತನ್ನ ಭಾಷೆಯಲ್ಲಿ ಏನನ್ನೋ ಮೆಲ್ಲಗೆ ಹೇಳಿಕೊಂಡಳು. ನಾನು ಮುಡಿಪು ತೋರಿಸಿದೆ.

"ನಾವು ಹಸಿರಲ್ಲಿ ಕಟ್ತೀವಿ ಸಾರ್. ಅಮ್ಮಂದು ಯಾವಾಗ್ಲೂ ಹಳದಿ. ನಾನು ನಗ್ತಿದ್ದೆ. 'ಬಾಬಾ ಏನು ಬಣ್ಣ ನೋಡ್ತಾರಾ?' ಅಂತ ನನ್ಗೇ ಕೇಳೋರು."

"ಹಾಗಾದರೆ ಇದು ಇಲ್ಲಿಯದಿರಬಹುದೇ?"

"ಇಲ್ಲ ಸಾರ್. ನಿಮ್ದು ಎದೆ ಆಪರೇಷನ್ ಆಯ್ತಲ್ಲ, ಅದು ಇಲ್ಲಿಗೆ ಕಟ್ಟಿದ್ದು. ನೀವು ಎದ್ದು ಓಡಾಡಿದ ಮೇಲೆ ಬಂದು, ಸಕ್ಕರೆ ಹಂಚಿ, ಫಾತಿಹಾ ಓದಿಸಿ, ಕೊಟ್ಬಿಟ್ಟು ಹೋದ್ರು. ನೀವು ಆಗ ಆ ಕಡೆ ಗೋಡೆ ಹತ್ರ ಟೇಪ್ ಹಿಡ್ಕೊಂಡು ಅಳೀತಿದ್ರಿ. ಆಮೇಲೆ ಅಮ್ಮಾ ಬರ್ಲೇ ಇಲ್ಲ."

ಗೋಡೆ ಅಳೆದದ್ದು ನನಗೆ ನೆನಪಿದೆ. ನನ್ನ ಹೃದಯದ ಶಸ್ತ್ರಚಿಕಿತ್ಸೆಯ ನಂತರ ಕೈಗೊಂಡ ಮೊದಲ ಕೆಲಸ ಅದೇ. ಹೊಂದಿಸಿ ನೋಡಿದೆ, ಅವಳು ಹೇಳಿದ ಕ್ರಮ ಸರಿಯಾಗಿತ್ತು. ನನಗಾಗಿ ಕಟ್ಟಿದ ಗಂಟೊಂದು ಹತ್ತು ಮಾರು ದೂರದಲ್ಲಿ ಬಿಚ್ಚಿಕೊಳ್ಳುತ್ತಿದ್ದಾಗ ನಾನು ಇಟ್ಟಿಗೆಯ ದಪ್ಪವನ್ನು ಗುರುತು ಮಾಡಿಕೊಳ್ಳುತ್ತಿದ್ದೆನೆಂಬುದನ್ನು ಅರಿತು ದುಃಖವಾಗಬೇಕಿತ್ತು. ಬಸ್ಸಿಗೆ ಎಷ್ಟು ಹೊತ್ತಿದೆಯೆಂದು ಅವಳನ್ನು ಕೇಳಿದೆ. ಅವಳು ಸಕ್ಕರೆಯ ಪೊಟ್ಟಣವೊಂದನ್ನು ಕೊಟ್ಟು ದುಡ್ಡು ಬೇಡವೆಂದಳು.

ಉಳಿದದ್ದು ಮಾಲೂರು. ಅಲ್ಲಿ ನನ್ನೊಡನೆ ಬಹುಕಾಲ ಕೆಲಸ ಮಾಡಿ ನಿವೃತ್ತನಾದ ಛಾಯಾಗ್ರಾಹಕನಿದ್ದಾನೆ. ಕ್ರೈಸ್ತ. ಅವನ ಮನೆಗೆ ಹೋದಾಗಲೆಲ್ಲ ನನ್ನ ಹೆಂಡತಿ ಪಕ್ಕದ ಇಗರ್ಜಿಯಲ್ಲಿ ಮೇರಿಮಾತೆಯ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದಳು. ಅವನು ಮುಡಿಪನ್ನು ಕೈಗೆ ತೆಗೆದುಕೊಳ್ಳದೆ, ನನ್ನ ಅಂಗೈಯಲ್ಲಿಯೇ ಬಗ್ಗಿ ನೋಡಿದ.

"ನಮ್ಮ ಕಡೇದಲ್ಲ ಸಾರ್. ನಮ್ಮದೆಲ್ಲ ಅಲ್ಲಲ್ಲೇ ಚುಕ್ತಾ. ಬತ್ತಿ ಉರೀತು, ಮುಗೀತು. ಉದ್ದರಿ ಇಟ್ಕೊಳ್ಳೋದು ನಿಮ್ಮ ದೇವರುಗಳೇ."

ಅವನ ಹೆಂಡತಿ ಒಳಗಿನಿಂದಲೇ, "ಸುಮ್ನಿರ್ರೀ, ಅವರೇನೋ ಕೇಳಕ್ಕೆ ಬಂದಿದ್ರೆ" ಎಂದು ಗದರಿದಳು.

"ಅಕ್ಕಾವ್ರಿದ್ದಿದ್ರೆ ನಗೋರು ಕಣೇ" ಎಂದ ಅವನು. ಆಮೇಲೆ ಇನ್ನಷ್ಟು ಬಗ್ಗಿ, "ಸಾರ್, ಇದೇನು, ಮಸಿ?" ಎಂದ.

ಗಂಟಿನ ಅಡಿಯಲ್ಲಿ, ಅರಿಶಿನದ ಕೆಳಗೆ, ಉಗುರಿನಷ್ಟು ಕಪ್ಪು ಕಲೆಯಿತ್ತು. ನಾನು ಅದನ್ನು ಕೊಳೆಯೆಂದುಕೊಂಡಿದ್ದೆ. ಕಿಟಕಿಯ ಬಳಿ ಹೋಗಿ ಭೂತಗನ್ನಡಿಯಲ್ಲಿ ನೋಡಿದೆ. ತೆಳ್ಳನೆಯ ಮಲ್ಲು ಬಟ್ಟೆ. ಅಂಚಿನಲ್ಲಿ ಒಂದು ನೀಲಿ ಎಳೆ. ಶಾಸನದ ಪ್ರತಿ ತೆಗೆಯುವಾಗ ಕಲ್ಲಿಗೆ ಅಂಟಿಸಿದ ಒದ್ದೆ ಕಾಗದದ ಮೇಲೆ ಮಸಿಯನ್ನು ತಟ್ಟಲು ಬಟ್ಟೆಯ ಉಂಡೆಯೊಂದನ್ನು ಕಟ್ಟಿಕೊಳ್ಳುತ್ತೇವೆ. ಆ ನೀಲಿ ಎಳೆಯ ಮಲ್ಲನ್ನು ನಾನು ಕೊಂಡದ್ದು ಒಮ್ಮೆ ಮಾತ್ರ, ಮಾಲೂರಿನ ಅಂಗಡಿಯಲ್ಲಿ. ರಸ್ತೆ ಅಗಲ ಮಾಡುವಾಗ ಕದಲಿಸಬೇಕಾಗಿದ್ದ ಒಂದು ವೀರಗಲ್ಲಿನ ಪ್ರತಿ ತೆಗೆಯುವುದಕ್ಕಾಗಿ. ಹೋರಾಡಿ ಸತ್ತವನೊಬ್ಬನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಹಳ್ಳಿಯವರು ಅವನ ಹೆಸರು ಮರೆತು, ದೇವರೆಂದು ಅರಿಶಿನ ಬಳಿದಿದ್ದರು. ನಾನು ಮಾಡಿದ ಕೊನೆಯ ಪ್ರತಿ.

ಆ ದಿನದ ಚಿತ್ರಗಳು ಅವನ ಕಂಪ್ಯೂಟರಿನಲ್ಲಿದ್ದವು. ಒಂದರಲ್ಲಿ ನಾನು ಉಂಡೆ ಹಿಡಿದು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದೇನೆ. ಪಕ್ಕದಲ್ಲಿ ಮಿಕ್ಕ ಬಟ್ಟೆ ಬಿದ್ದಿದೆ. ಹಿಂದೆ, ಹುಣಸೆಮರದ ನೆರಳಿನಲ್ಲಿ ನನ್ನ ಹೆಂಡತಿ. ತಲೆಗೆ ಬಿಗಿಯಾಗಿ ವಸ್ತ್ರ ಸುತ್ತಿಕೊಂಡಿದ್ದಾಳೆ. ಔಷಧದಿಂದ ಅವಳ ಕೂದಲು ಉದುರಿದ್ದು ಅದಕ್ಕಿಂತ ಸ್ವಲ್ಪ ಮುಂಚೆ.

ಆದ್ದರಿಂದ ಕ್ರಮ ಹೀಗೆ: ಕಾಯಿಲೆ ಪತ್ತೆಯಾದದ್ದು, ಚಿಕಿತ್ಸೆ ಆರಂಭವಾದದ್ದು, ಬಟ್ಟೆ ಕೊಂಡದ್ದು, ಮುಡಿಪು ಕಟ್ಟಿದ್ದು. ಮನೆಗೆ ಬಂದು ಆಸ್ಪತ್ರೆಯ ಕಾಗದಗಳೊಡನೆಯೂ ತಾಳೆ ನೋಡಿದೆ. ಕ್ರಮದಲ್ಲಿ ಅನುಮಾನವಿಲ್ಲ. ನನ್ನ ವೃತ್ತಿಯಲ್ಲಿ ಇಷ್ಟು ನಿಚ್ಚಳವಾದ ಕಾಲನಿರ್ಣಯ ದೊರೆತದ್ದು ಅಪರೂಪ.

ನಾದಿನಿಗೆ ಫೋನಿನಲ್ಲಿ ತಿಳಿಸಿದೆ. ಅವರ ಮನೆಯ ಹಿಂದೆ ಯಾರೋ ತೆಲುಗಿನಲ್ಲಿ ದನವನ್ನು ಗದರಿಸುವುದು ಕೇಳಿಸುತ್ತಿತ್ತು.

"ನಾನೂ ಎಂಥ ದಡ್ಡಿ ನೋಡಿ" ಎಂದಳು ಕೊನೆಗೆ. "ಕೊಡ್ಬೇಕು, ಕೊಡ್ಬೇಕು ಅಂತ ನಿಮ್ಮನ್ನ ಊರೂರು ಅಲೆಸ್ದೆ. ನೆರವೇರಿದ್ರೆ ತಾನೆ ಕೊಡೋದು? ಅಕ್ಕ ಹುಷಾರಾಗ್ಲಿ ಅಂತ ಕಟ್ಕೊಂಡಿದ್ರೆ... ಆಗ್ಲಿಲ್ವಲ್ಲ, ಬಾವ. ಯಾವ ದೇವ್ರಿಗೂ ಏನೂ ಸಲ್ಲಬೇಕಾಗಿಲ್ಲ."

"ತನಗಾಗಿಯೇ ಕಟ್ಟಿದಳೆಂಬುದಕ್ಕೆ ಆಧಾರವಿಲ್ಲ."

"ಮತ್ತೆ ಯಾರಿಗೆ?"

"ನನಗಾಗಿ ಇದ್ದರೂ ಇರಬಹುದು. ತನ್ನ ನಂತರ ನಾನು..."

"ಊಟ ಮಾಡ್ತಿದೀರಾ?"

"ಮಾಡುತ್ತಿದ್ದೇನೆ."

"ನಿದ್ದೆ?"

"ಬರುತ್ತಿದೆ."

"ಹಂಗಾದ್ರೆ ಅದು ನೆರವೇರಿದೆ ಅಂತಲೇ ಇಟ್ಕೊಳ್ಳೋಣ. ಯಾವ ದೇವ್ರು ನೆರವೇರಿಸ್ದ ಅಂತ ನೀವೇ ಹೇಳಿ, ಅವನಿಗೇ ಕೊಡೋಣ."

ಊಟ, ನಿದ್ದೆಗಳನ್ನು ಯಾರಾದರೂ ನಡೆಸಿಕೊಟ್ಟಂತೆ ನನಗೆ ಅನ್ನಿಸಿರಲಿಲ್ಲ. ನಿಂತ ಗಾಡಿ ಇಳಿಜಾರಿನಲ್ಲಿ ತಾನಾಗಿ ಉರುಳುವಂತೆ ಅವು ನಡೆದಿದ್ದವು.

ತಿಥಿಯ ದಿನ ಬೆಳಿಗ್ಗೆ ನಾದಿನಿ ಮೊದಲ ಬಸ್ಸಿಗೆ ಬಂದಳು. ನಮ್ಮಲ್ಲಿ ತಿಥಿಗೆ ಪುರೋಹಿತರಿಲ್ಲ. ಸತ್ತವರಿಗೆ ಇಷ್ಟವಾದ ಅಡುಗೆ ಮಾಡಿ ಬಾಳೆಲೆಯಲ್ಲಿ ಎಡೆ ಇಡುತ್ತೇವೆ. ಒಲೆಯ ಮೇಲೆ ಅನ್ನಕ್ಕೆ ಎಸರಿಟ್ಟು, ಕೈಯೊರೆಸಿಕೊಂಡು ನನ್ನೆದುರು ಬಂದು ನಿಂತಳು.

"ಕೊಡಿ ಬಾವ ಅದನ್ನ."

"ಬಿಚ್ಚುವ ಹಕ್ಕು ಕಟ್ಟಿದವರದು ಎಂದೆಯಲ್ಲ?"

"ಕಟ್ಟಿದೋಳಿಗೇ ಕೊಡಕ್ಕೆ ಬಿಚ್ತಿರೋದು."

ಗಂಟು ಬಿಗಿಯಾಗಿತ್ತು. ಅವಳು ಉಗುರಿನಿಂದ ಯತ್ನಿಸಿ, ಆಗದೆ, ಹಲ್ಲಿನಿಂದ ಸಡಿಲಿಸಿದಳು. ಒಳಗೆ ಒಂದು ರೂಪಾಯಿಯ ನಾಣ್ಯವೂ ಹಳದಿಯಾದ ಅಕ್ಕಿಯೂ ಇದ್ದವು. ಅಭ್ಯಾಸದಿಂದ ನಾಣ್ಯವನ್ನು ತಿರುಗಿಸಿ ಇಸವಿ ಓದಿದೆ. ನಮ್ಮ ಮದುವೆಗೂ ಹಿಂದಿನದು. ಅದರಿಂದ ಏನೂ ಸಿದ್ಧವಾಗುವುದಿಲ್ಲ. ಹಳೆಯ ನಾಣ್ಯವನ್ನು ಎಷ್ಟು ಹೊಸ ಗಂಟಿನಲ್ಲಾದರೂ ಕಟ್ಟಬಹುದು. ನಾದಿನಿ ಅದನ್ನು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಹೋಗೋವಾಗ ಅಮ್ಮನ ಗುಳೀಗೆ ಹಾಕಿ ಹೋಗ್ತೀನಿ. ಸಲ್ಲಬೇಕಾಗಿದ್ರೆ ಸಲ್ತು. ಇಲ್ದಿದ್ರೆ ಅಲ್ಲಿ ಬಿದ್ದಿರುತ್ತೆ. ಆ ತಾಯಿ ಯಾರದು ಅಂತ ಕೇಳೋಳಲ್ಲ."

ಈ ಬಾರಿ ನಾನು ಆಧಾರ ಕೇಳಲಿಲ್ಲ. ಅವಳು ಆ ಹಳದಿ ಅಕ್ಕಿಯನ್ನು ಎಡೆಗೆಂದು ತೊಳೆದಿಟ್ಟಿದ್ದ ಅಕ್ಕಿಯೊಳಗೆ ಉದುರಿಸಿ, ಕುದಿಯುತ್ತಿದ್ದ ಎಸರಿಗೆ ಹಾಕಿದಳು. ಮಲ್ಲಿನ ತುಂಡನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. ಮಸಿಯ ಕಲೆ ಒಳಮೈಯಲ್ಲಿ ಇನ್ನೂ ಕಪ್ಪಾಗಿತ್ತು.

ಎಡೆಯಿಟ್ಟು, ಬಾಗಿಲು ಮುಂದೆ ಮಾಡಿ, ಇಬ್ಬರೂ ಹೊರಗೆ ಕಾದೆವು. ಒಳಗೆ ಯಾರಾದರೂ ಇದ್ದಾರೆಯೇ ಎಂದು ನನ್ನ ಹೆಂಡತಿ ಕೇಳುತ್ತಿದ್ದ ಮಾತು ಆಗ ನೆನಪಿಗೆ ಬಂತು. ನಾನು ಕಿವಿಗೊಟ್ಟು ನಿಂತೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು.

ಆಮೇಲೆ ಊಟಕ್ಕೆ ಕೂತೆವು. ನಾದಿನಿ ಎರಡು ತುತ್ತು ತಿಂದು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನು ಅವಳ ಲೋಟಕ್ಕೆ ನೀರು ಹಾಕಿದೆ. ನನ್ನ ಎಲೆಯ ಬಿಳಿ ಅನ್ನದಲ್ಲಿ ಒಂದು ಹಳದಿ ಅಗುಳಿತ್ತು. ಅದನ್ನು ಪಕ್ಕಕ್ಕಿಡದೆ, ಉಳಿದದ್ದರೊಂದಿಗೆ ಕಲಸಿ ತಿಂದೆ. ಅಷ್ಟು ಅನ್ನದಲ್ಲಿ ಒಂದು ಅಗುಳಿನ ಅರಿಶಿನದ ರುಚಿ ತಿಳಿಯುವುದಿಲ್ಲ.