ದಡದ ಪದ್ಯ, ದೋಣಿಯ ಪದ್ಯ

ಚಳ್ಳಕೆರೆಯ ಶಮಾ ಮೊಳಕಾಲ್ಮೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಲು ಶುರುಮಾಡಿ ಹತ್ತು ವರ್ಷದ ಮೇಲಾಗಿತ್ತು. ಅತಿಥಿ ಉಪನ್ಯಾಸಕಿ ಎಂಬ ಹೆಸರು. ಅಷ್ಟು ವರ್ಷ ಒಂದೇ ಮನೆಗೆ ಬಂದುಹೋಗುವವರನ್ನು ಯಾರೂ ಅತಿಥಿ ಅನ್ನುವುದಿಲ್ಲ, ಕಾಲೇಜಿನವರು ಮಾತ್ರ ಅನ್ನುತ್ತಿದ್ದರು. ಬೆಳಿಗ್ಗೆ ಖಾಸಗಿ ಬಸ್ಸು, ಸಂಜೆ ಸರ್ಕಾರಿ ಬಸ್ಸು. ಕಿಟಕಿಯಾಚೆ ಬಂಡೆಗುಡ್ಡ, ಶೇಂಗಾ ಹೊಲ, ಕುರಿಮಂದೆ. ತೊಡೆಯ ಮೇಲೆ ಇಂಗ್ಲಿಷ್ ಪದ್ಯಗಳ ಪುಸ್ತಕ.

ಪದ್ಯಗಳೆಂದರೆ ಅವಳಿಗೆ ಹುಡುಗಿಯಾಗಿದ್ದಾಗಿನಿಂದಲೂ ಪ್ರಾಣ. ತಂದೆ ಬಾಬು ಸಾಬ್ ಎಣ್ಣೆಮಿಲ್ಲುಗಳ ಹತ್ತಿರ ಲಾರಿ ರಿಪೇರಿ ಮಾಡುತ್ತಿದ್ದರು. ಗ್ಯಾರೇಜಿನ ಸದ್ದಿನ ನಡುವೆ ಕೂತು ಅವಳು ಗಟ್ಟಿಯಾಗಿ ಪದ್ಯ ಓದಿದರೆ ಅವರು ಸುತ್ತಿಗೆ ಕೆಳಗಿಡುತ್ತಿದ್ದರು. ಒಂದಕ್ಷರ ಅರ್ಥವಾಗದಿದ್ದರೂ ಮುಗಿಯುವವರೆಗೆ ಎತ್ತುತ್ತಿರಲಿಲ್ಲ. ಅವರು ತೀರಿಹೋದ ಮೇಲೂ ಶಮಾ ಓದು ಬಿಡಲಿಲ್ಲ; ಎಂ.ಎ. ಮುಗಿಸಿದಳು.

ಆದರೆ ಪಾಠ ಹೇಳುವ ಕೆಲಸ ಬೇರೆಯೇ ಆಗಿತ್ತು. ಎರಡನೇ ವರ್ಷದ ಬಿ.ಎ.ಗೆ ಎರಡು ಹಳೆಯ ಪದ್ಯಗಳಿದ್ದವು. ಒಂದರಲ್ಲಿ ನಾವಿಕನೊಬ್ಬ ಬಂದರು ಬಿಟ್ಟು ಹಾಡುತ್ತಾ ಹೊರಡುತ್ತಾನೆ. ಇನ್ನೊಂದರಲ್ಲಿ ಹೆಂಗಸೊಬ್ಬಳು ದಡದಲ್ಲಿ ನಿಂತು, ಹಾಯಿ ಮರೆಯಾಗುವವರೆಗೂ ನೋಡುತ್ತಾಳೆ. ಎರಡರಲ್ಲೂ ಸಮುದ್ರದ ವಸ್ತುವನ್ನು ಹೋಲಿಸಿ ಎಂಬ ಪ್ರಶ್ನೆ ಪರೀಕ್ಷೆಗೆ ಬಂದೇ ಬರುತ್ತಿತ್ತು. ಮೊದಲನೆಯದರಲ್ಲಿ ಸಮುದ್ರ ಬಿಡುಗಡೆಯ ಸಂಕೇತ, ಎರಡನೆಯದರಲ್ಲಿ ಸಾವಿನ ಸಂಕೇತ. ಶಮಾ ಹೇಳಿ ಬರೆಸುತ್ತಿದ್ದಳು, ಮಕ್ಕಳು ಬರೆದುಕೊಳ್ಳುತ್ತಿದ್ದರು.

ಆ ವರ್ಷ ಶೃತಿ ಎಂಬ ಹುಡುಗಿ ಬರೆಯುವುದನ್ನು ನಿಲ್ಲಿಸಿ ಕೈಯೆತ್ತಿದಳು. ಸಿದ್ದಾಪುರದ ಕುರಿಗಾರರ ಮನೆಯವಳು.

"ಮಿಸ್, ಸಮುದ್ರ ಒಂದೇ ಅಲ್ವೇನ್ರಿ? ಒಬ್ರಿಗೆ ಬಿಡುಗಡೆ, ಇನ್ನೊಬ್ರಿಗೆ ಸಾವು ಹೆಂಗಾಗ್ತೈತೆ?"

"ಕವಿಗಳು ಬೇರೆ ಬೇರೆ ಅಲ್ವೇನಮ್ಮಾ. ಅವರ ನೋಟ ಬೇರೆ."

"ನೀವು ನೋಡಿದೀರಾ ಮಿಸ್, ಸಮುದ್ರನ?"

"ಇಲ್ಲ," ಅಂದಳು ಶಮಾ.

ತರಗತಿ ನಕ್ಕಿತು. ಅಲ್ಲಿದ್ದವರಲ್ಲಿ ಯಾರೂ ನೋಡಿರಲಿಲ್ಲವಾದ್ದರಿಂದ ಅದು ಚುಚ್ಚುವ ನಗುವಲ್ಲ. ಆದರೂ ಸಂಜೆ ಬಸ್ಸಿನಲ್ಲಿ ಅವಳಿಗೆ ಪುಸ್ತಕ ತೆರೆಯಲು ಮನಸ್ಸಾಗಲಿಲ್ಲ.

ನೋಡುವ ಅವಕಾಶ ಇಲ್ಲದಿರಲಿಲ್ಲ. ತಮ್ಮ ಅಜ್ಮತ್ ಮಲ್ಪೆಯ ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಬನ್ನಿ ಬನ್ನಿ ಎಂದು ಪ್ರತಿ ರಜೆಗೂ ಕರೆಯುತ್ತಿದ್ದ. ಒಪ್ಪದವರು ತಾಯಿ ಹಜರಾ ಬೀ. ಆ ಊರಿನ ಮೇಲೇ ಅವರಿಗೆ ಮುನಿಸು. "ಆ ನೀರು ನನ್ನ ಮಗನ್ನ ಇಟ್ಕೊಂಡು ಕೂತೈತೆ. ಅದರ ಮುಖ ನಾನ್ಯಾಕೆ ನೋಡ್ಲಿ?" ಅನ್ನುತ್ತಿದ್ದರು.

ಆ ದಸರಾ ರಜೆಗೆ ಶಮಾ ಪಟ್ಟು ಹಿಡಿದಳು. "ಸಮುದ್ರದ ಮುಖ ನೋಡಬೇಡ ಅಮ್ಮಿ, ಮಗನ ಮುಖ ನೋಡು ಸಾಕು." ಆ ಮಾತಿಗೆ ಹಜರಾ ಬೀ ಸೋತು ಬಟ್ಟೆ ಕಟ್ಟಿದರು.

ಮಲ್ಪೆ ಅವಳು ಎಣಿಸಿದಂತಿರಲಿಲ್ಲ. ನೀರು ನೀಲಿಯಲ್ಲ, ಮೊದಲ ಮಳೆಗೆ ಕೆಂಪಾದ ಕೆರೆಯ ಬಣ್ಣ. ಮೀನಿನ ನಾತದೊಳಗೆ ಡೀಸೆಲ್ ವಾಸನೆ ಬೆರೆತು, ಅಪ್ಪನ ಗ್ಯಾರೇಜಿಗೆ ಬಂದು ನಿಂತಂತಾಯಿತು. ಅಜ್ಮತ್ ಆಗಷ್ಟೇ ಒಂದು ದೋಣಿಯ ಎಂಜಿನ್ ಬಿಚ್ಚಿ ಜೋಡಿಸಿದ್ದ. ಓಡಿಸಿ ಪರೀಕ್ಷಿಸಬೇಕಿತ್ತು.

"ಹತ್ತಿ ಆಪಾ, ಒಂದು ಸುತ್ತು ಹೋಗಿ ಬರೋಣ. ಅಮ್ಮೀ, ನೀನೂ," ಎಂದು ಅಕ್ಕನನ್ನೂ ತಾಯಿಯನ್ನೂ ಕರೆದ.

"ನಾನು ಇಲ್ಲೇ ಇರ್ತೀನಿ," ಅಂದರು ಹಜರಾ ಬೀ, ಬಲೆಗಳ ರಾಶಿಯ ಪಕ್ಕ ನಿಂತು.

ಶಮಾ ಹತ್ತಿದಳು. ಬಂದರಿನ ಬಾಯಿ ದಾಟಿದ್ದೇ ತಡ, ದೋಣಿ ಎದ್ದು ಬಿದ್ದು ಓಡಿತು. ಗಾಳಿಗೆ ತಲೆಯ ಮೇಲಿನ ದುಪಟ್ಟಾ ಜಾರಿತು. ಅವಳು ಚಿಕ್ಕ ಹುಡುಗಿಯಂತೆ ಜೋರಾಗಿ ನಕ್ಕಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ. ನಾವಿಕನ ಪದ್ಯ ತಾನಾಗಿ ಬಾಯಿಗೆ ಬಂತು. ಹಾಗೇ ಒಮ್ಮೆ ತಿರುಗಿ ನೋಡಿದಳು. ತಾಯಿ ಒಂದು ಕೈಯಲ್ಲಿ ಸೆರಗು ಹಿಡಿದು, ಇನ್ನೊಂದನ್ನು ಬಿಸಿಲಿಗೆ ಅಡ್ಡ ಇಟ್ಟುಕೊಂಡು ನಿಂತಿದ್ದರು. ನೋಡುತ್ತಿದ್ದಂತೆ ಹೆಬ್ಬೆರಳಿನಷ್ಟಾದರು. ಆಮೇಲೆ ಜನರ ನಡುವೆ ಯಾರು ತಾಯಿ ಎಂದು ಗುರುತೇ ಹತ್ತಲಿಲ್ಲ. ಎದೆಯಲ್ಲಿ ಏನೋ ಹಿಂಡಿತು. ಆದರೆ ಖುಷಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಅದೇ ಅವಳಿಗೆ ಆಶ್ಚರ್ಯವಾದದ್ದು. ಎರಡೂ ಒಟ್ಟಿಗೇ ಇದ್ದವು.

ಮರಳಿದಾಗ ಹಜರಾ ಬೀ ನಿಂತಲ್ಲೇ ನಿಂತಿದ್ದರು. "ಎಷ್ಟು ಹೊತ್ತು! ಹೆದರಿಕೆ ಆಗ್ಲಿಲ್ವಾ ನಿಂಗೆ?"

"ಇಲ್ಲ ಅಮ್ಮಿ."

"ನಂಗಾಯ್ತು. ಆದ್ರೂ ಗಾಳಿ ಚೆನ್ನಾಗೈತೆ, ನನ್ನ ಮಗಳು ನಗ್ತಿರ್ತಾಳೆ ಅಂದ್ಕೊಂಡೆ," ಎಂದು ಕಣ್ಣೊರೆಸಿಕೊಂಡರು.

ಊರಿಗೆ ಮರಳುವ ಬಸ್ಸಿನಲ್ಲಿ ಶಮಾ ಎರಡು ಪದ್ಯಗಳನ್ನೂ ಮತ್ತೆ ಓದಿದಳು. ನಾವಿಕನ ಹಾಡಿನ ನಡುವೆ ಒಂದು ಸಾಲಿತ್ತು. ಬಂದರಿನ ಕಡೆ ತಿರುಗಿ ನೋಡಬೇಡಿ ಎಂದು ಅವನು ಜೊತೆಗಾರರಿಗೆ ಹೇಳುತ್ತಾನೆ. ಹೆಂಗಸಿನ ಪದ್ಯದಲ್ಲೂ ಒಂದು ಸಾಲು. ಇವತ್ತು ಗಾಳಿ ಒಳ್ಳೆಯದು, ಅವನಿಗೆ ಹಿತವಾದೀತು ಅನ್ನುತ್ತಾಳೆ. ಇಷ್ಟು ವರ್ಷ ಎರಡನ್ನೂ ದಾಟಿಕೊಂಡು ಪಾಠ ಓಡಿತ್ತು. ಈಗ ಆ ಸಾಲುಗಳ ಮೇಲೆ ಬೆರಳಿಟ್ಟು ಕೂತಳು.

ರಜೆ ಮುಗಿದ ಮೇಲೆ ಆ ಸಾಲುಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದಳು. "ಸಂಕೇತ ಆಮೇಲೆ. ಮೊದಲು ಹೇಳಿ, ಯಾರು ಎಲ್ಲಿ ನಿಂತಿದ್ದಾರೆ? ಯಾರಿಗೆ ಯಾರು ಕಾಣ್ತಾರೆ?"

 ಶೃತಿ ಮೆಲ್ಲಗೆ ಅಂದಳು: "ತಿರುಗಿ ನೋಡಬ್ಯಾಡ ಅಂತಾನಂದ್ರೆ ಅಲ್ಲಿ ಯಾರೋ ನಿಂತಿರ್ಬೇಕು ಮಿಸ್. ನೋಡಿದ್ರೆ ಅವ್ನಿಗೆ ಹೋಗಾಕೆ ಆಗಲ್ಲ."

"ಹಂಗಾದ್ರೆ ಅವ್ನ ಪದ್ಯದಾಗೂ ದುಃಖ ಐತೆ!" ಅಂದ ಲೋಹಿತ. ಕೊನೆಯ ಬೆಂಚಿನಲ್ಲಿ ಕೂತು ಯಾವಾಗಲೂ ಅಂಕದ ಲೆಕ್ಕ ಹಾಕುವವನು. ಮರುಕ್ಷಣವೇ ಅವನಿಗೆ ಗಾಬರಿಯಾಯಿತು. "ಇದನ್ನ ಬರದ್ರೆ ಮಾರ್ಕ್ಸ್ ಬೀಳ್ತಾವಾ ಮಿಸ್?"

"ಗೊತ್ತಿಲ್ಲ ಲೋಹಿತ. ಸಾಲು ತೋರಿಸಿ ಬರೆದ್ರೆ ತಪ್ಪು ಅನ್ನೋಕಂತೂ ಯಾರಿಗೂ ಆಗಲ್ಲ."

ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ಒಬ್ಬರಿಗೆ ಅಂಕ ಏರಿತು, ಒಬ್ಬರಿಗೆ ಇಳಿಯಿತು. ಆದರೆ ಆ ತರಗತಿಗೆ ಹೋಲಿಸಿ ನೋಡುವ ಚಟ ಹತ್ತಿತು. ಮುದಿತನದ ಪದ್ಯಗಳ ಮೇಲೆ, ಪ್ರೀತಿಯ ಪದ್ಯಗಳ ಮೇಲೆ ಗಂಟೆ ಹೊಡೆದ ಮೇಲೂ ಜಗಳ ನಡೆಯುತ್ತಿತ್ತು.

ಮುಂದಿನ ದಸರಾಕ್ಕೆ ಹಜರಾ ಬೀ ತಾವೇ ಮಲ್ಪೆಗೆ ಹೊರಟು ಒಂದು ತಿಂಗಳಿದ್ದು ಬಂದರು. ದೋಣಿ ಮಾತ್ರ ಹತ್ತಲಿಲ್ಲ. ಶಮಾ ಈಗಲೂ ಅತಿಥಿಯೇ. ಖಾಯಂ ಆಗುವ ಸುದ್ದಿ ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಶೃತಿ ಇಂಗ್ಲಿಷ್ ಎಂ.ಎ.ಗೆ ಸೇರಿದ್ದಾಳೆ. ಮೊನ್ನೆ ಶಮಾ ಚಳ್ಳಕೆರೆಯ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಅವಳ ಫೋನು ಬಂತು.

"ಮಿಸ್, ಮುಸ್ಸಂಜೆ ಮೇಲೆ ಎರಡು ಪದ್ಯ ಕೊಟ್ಟಾರೆ. ಎರಡರಾಗೂ ಶಾಂತಿ ಐತೆ ಅಂತಾರೆ ಇಲ್ಲಿ. ನಂಗೆ ಒಂದರಾಗೆ ಬರೀ ದಣಿವು ಕಾಣ್ತೈತೆ."

"ಯಾವ ಸಾಲಲ್ಲಿ?" ಅಂದಳು ಶಮಾ, ಬದನೆಕಾಯಿ ಕೆಳಗಿಟ್ಟು. "ಓದು, ಕೇಳ್ತೀನಿ."